ಮಳೆಗಾಲ ಹಿಡಿದರೆ ಮನಸ್ಸೂ ಮಂಕು: ಇದು ಕಾಯಿಲೆಯಾ, ನನ್ನ ಸೋಮಾರಿತನವಾ?

ಬಯಲುಸೀಮೆ_ಸೊಸೆ (ಸಕಲೇಶಪುರ ಕಡೆ), ಜುಲೈ 13, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ಕಡೆಯವಳು. ಮದುವೆಯಾಗಿ ಬಂದಿರುವುದು ಹಾನುಬಾಳು ಹತ್ತಿರದ ತೋಟದ ಮನೆಗೆ. ಜಿಲ್ಲೆ ಒಂದೇ. ಆದರೆ ಅಲ್ಲಿ ತೆಂಗಿಗೆ ನೀರಿಲ್ಲ ಅಂತ ಬೋರ್ ಕೊರೆಸುತ್ತಿರುತ್ತಾರೆ, ಇಲ್ಲಿ ಒಗೆದ ಬಟ್ಟೆ ಒಣಗಿಸಲು ಬಚ್ಚಲೊಲೆ ಮೇಲೆ ಹಗ್ಗ ಕಟ್ಟಬೇಕು.

ವಿಷಯಕ್ಕೆ ಬರುತ್ತೇನೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ನನಗೆ ಏನೋ ಆಗುತ್ತದೆ. ಬೆಳಿಗ್ಗೆ ಏಳಲು ಆಗುವುದಿಲ್ಲ. ಎಷ್ಟು ಮಲಗಿದರೂ ಸಾಲದು, ಎದ್ದರೂ ಕೈಕಾಲಿಗೆ ಕಲ್ಲು ಕಟ್ಟಿದ ಹಾಗೆ ಭಾರ. ಹಸಿವು ಇರಲಿ ಬಿಡಲಿ ಬನ್ನು, ಬಿಸ್ಕತ್ತು, ಬೆಲ್ಲದ ಡಬ್ಬಿ ಅಂತ ಕೈ ಹೋಗುತ್ತಲೇ ಇರುತ್ತದೆ. ತೂಕ ಏರುತ್ತದೆ. ಅಮ್ಮ ಫೋನ್ ಮಾಡಿದರೆ ಎತ್ತಬೇಕು ಅಂತ ಅನಿಸುವುದಿಲ್ಲ, ಎತ್ತಿದರೆ ಕಾರಣವೇ ಇಲ್ಲದೆ ಅಳು ಬರುತ್ತದೆ. ಮಗನಿಗೆ ಮಳೆ ರಜೆ ಕೊಟ್ಟರಂತೂ ಮುಗಿಯಿತು, ಇಡೀ ದಿನ ಅವನ ಮೇಲೆ ರೇಗಾಡುತ್ತೇನೆ. ಆಯುಧಪೂಜೆ ಹೊತ್ತಿಗೆ ಬಿಸಿಲು ಬಂದರೆ ಎಲ್ಲ ತಾನಾಗಿಯೇ ಸರಿ ಹೋಗುತ್ತದೆ. ಮದುವೆಯಾದ ವರ್ಷ ಆಷಾಢ ಅಂತ ತವರಿಗೆ ಕಳಿಸಿದ್ದರು, ಆಗ ಏನೂ ಗೊತ್ತಾಗಲಿಲ್ಲ. ಮಾರನೇ ವರ್ಷದಿಂದ ಶುರು. ಒಂದು ಮಳೆಗಾಲವೂ ತಪ್ಪಿಲ್ಲ.

ನಮ್ಮ ಪಕ್ಕದ ತೋಟದಲ್ಲಿ ಹೋಮ್‌ಸ್ಟೇ ಇದೆ. ಬೆಂಗಳೂರಿನವರು ಶನಿವಾರ ಬಂದು ಮಂಜಿನಲ್ಲಿ ನಿಂತು ರೀಲ್ಸ್ ಮಾಡಿ "ನೀವು ಎಷ್ಟು ಪುಣ್ಯವಂತರು" ಅನ್ನುತ್ತಾರೆ. ಭಾನುವಾರ ಸಂಜೆ ಹೊರಟು ಹೋಗುತ್ತಾರೆ, ಅವರಿಗೇನು!

ಅತ್ತೆ ಕೆಟ್ಟವರಲ್ಲ. ಆದರೆ "ಮಳೆಗಾಲ ಅಂದರೆ ಹಾಗೇ, ಅಭ್ಯಾಸ ಆಗುತ್ತದೆ" ಅನ್ನುತ್ತಾರೆ. ಇವರು "ಮೊಬೈಲ್ ಬಿಡು, ಸರಿ ಹೋಗುತ್ತದೆ" ಅನ್ನುತ್ತಾರೆ. ನೆಟ್‌ನಲ್ಲಿ ನೋಡಿದರೆ ಸೀಸನಲ್ ಡಿಪ್ರೆಶನ್ ಅಂತ ಇದೆ, ಅದು ಹಿಮ ಬೀಳುವ ದೇಶದವರಿಗೆ ಅಂತೆ. ನಮ್ಮ ಕಡೆಯೂ ಬರುತ್ತದಾ? ಲೈಟ್ ಬಾಕ್ಸ್ ಅಂತ ಒಂದು ಜೋರು ಬೆಳಕಿನ ಪೆಟ್ಟಿಗೆ ಸಿಗುತ್ತದಂತೆ, ತಗೊಂಡರೆ ಉಪಯೋಗ ಇದೆಯಾ? ಗೊತ್ತಿದ್ದವರು ಹೇಳಿ. "ಪಾಸಿಟಿವ್ ಆಗಿ ಯೋಚನೆ ಮಾಡಿ" ಅಂತ ಮಾತ್ರ ಬರೆಯಬೇಡಿ, ದಯವಿಟ್ಟು.

---

ಹಳೇ_ಮಲೆನಾಡು (ಶೃಂಗೇರಿ), ಜುಲೈ 13, ರಾತ್ರಿ 10:48

ನಮ್ಮ ಅಜ್ಜಿ ಹದಿನೈದು ಜನಕ್ಕೆ ಕಡುಬು ಬೇಯಿಸಿಟ್ಟು, ಗೊರಬು ಹಾಕಿಕೊಂಡು ನಾಟಿಗೆ ಹೋಗುತ್ತಿದ್ದರು. ಅವರಿಗೆ ಯಾವ ಡಿಪ್ರೆಶನ್ ಇತ್ತು? ಈಗಿನವರಿಗೆ ಕೆಲಸ ಕಡಿಮೆ, ನೆಟ್ ಜಾಸ್ತಿ. ಬೇಜಾರು ಮಾಡಿಕೊಳ್ಳಬೇಡಿ, ಇದ್ದದ್ದು ಹೇಳಿದೆ.

---

ತೋಟದ_ಮನೆ (ಮೂಡಿಗೆರೆ), ಜುಲೈ 14, ಬೆಳಿಗ್ಗೆ 6:35

ತಂಗಿ, ನಾನು ವೈದ್ಯನಲ್ಲ, ಕಾಫಿ ಬೆಳೆಗಾರ. ಹಾಗಾಗಿ ಮನೆಯ ವಿಷಯ ಮಾತ್ರ ಹೇಳುತ್ತೇನೆ. ನಿಮ್ಮ ಮನೆ ಹಳೆಯದಾ? ಸೂರು ತಗ್ಗಿದೆಯಾ? ಸುತ್ತ ಸಿಲ್ವರ್ ಓಕ್, ಅದಕ್ಕೆ ಮೆಣಸಿನ ಬಳ್ಳಿ, ಹಿಂದುಗಡೆ ಹಲಸು, ಅಡುಗೆಮನೆ ಕಿಟಕಿಗೆ ಎದುರಾಗಿ ಸೌದೆ ಕೊಟ್ಟಿಗೆ, ಹೀಗೆಯೇ ಇರಬೇಕು ಅಂದುಕೊಳ್ಳುತ್ತೇನೆ. ನಮ್ಮ ಕಡೆ ಮನೆಗಳೆಲ್ಲ ಹಾಗೆಯೇ. ಗಾಳಿ ಮಳೆ ಎರಚಬಾರದು ಅಂತ ಹಿರಿಯರು ಸೂರು ಇಳಿಸಿ ಕಟ್ಟಿದರು. ಅದು ಸರಿಯೇ. ಆದರೆ ಒಳಗೆ ಜುಲೈ ಮಧ್ಯಾಹ್ನ ಹನ್ನೆರಡಕ್ಕೂ ಲೈಟು ಬೇಕು, ಕರೆಂಟು ಇರುವುದಿಲ್ಲ.

ನೆರಳು ಜಾಸ್ತಿಯಾದರೆ ಕಾಫಿ ಗಿಡ ಸೊಪ್ಪು ಬಿಡುತ್ತದೆ, ಕಾಯಿ ಬಿಡುವುದಿಲ್ಲ ಅಂತ ನಮಗೆಲ್ಲ ಗೊತ್ತು. ವರ್ಷ ವರ್ಷ ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಕಡಿಸಲು, ಅಷ್ಟೊಂದು ದುಡ್ಡು ಸುರಿಯುತ್ತೇವೆ. ಮನೆ ಮೇಲೆ ಬಾಗಿದ ಕೊಂಬೆಯನ್ನು ಮಾತ್ರ ಇಪ್ಪತ್ತು ವರ್ಷ ಮುಟ್ಟುವುದಿಲ್ಲ. ಒಳಗೆ ಇರುವ ಜನಕ್ಕೆ ಬೆಳಕು ಬೇಡವಾ?

ನಮ್ಮಲ್ಲಿ ನನ್ನ ಹೆಂಡತಿ ಹಟ ಮಾಡಿ ಮಾಡಿಸಿದ್ದು ಇಷ್ಟು. ಪೂರ್ವದ ಕಡೆ ಮನೆಗೆ ಹತ್ತಿರ ಇದ್ದ ಮರಗಳಿಗೆ ಮೇ ತಿಂಗಳಲ್ಲೇ ಮರಗಸಿ. ಅಡುಗೆಮನೆ ಮಾಡಿಗೆ ನಾಲ್ಕೈದು ಗಾಜಿನ ಹೆಂಚು. ಹಳೆಯ ಗಾಜಿನ ಹೆಂಚು ಇದ್ದರೆ ಅದರ ಮೇಲೆ ಪಾಚಿ ಕಟ್ಟಿ ಕಪ್ಪಾಗಿರುತ್ತದೆ, ಮಳೆಗೆ ಮೊದಲು ಹತ್ತಿಸಿ ತೊಳೆಸಿ. ಈಗ ಹತ್ತಿಸಬೇಡಿ, ಜಾರುತ್ತದೆ. ಗೋಡೆಗೆ ಆ ಕಡು ಹಸಿರು ಬಣ್ಣ ತೆಗೆದು ಬಿಳಿ ಹೊಡೆಸಿದೆವು. ತೀರಾ ದೊಡ್ಡ ಖರ್ಚೇನಲ್ಲ. ಮಳೆಗಾಲದಲ್ಲಿ ಅವಳ ಸಿಡಿಮಿಡಿ ಅರ್ಧ ಕಮ್ಮಿಯಾಗಿದೆ. ನನ್ನದೂ ಅಂತ ಅವಳು ಹೇಳುತ್ತಾಳೆ.

---

ಸಿಸ್ಟರ್_ಹಾಸನ, ಜುಲೈ 14, ಮಧ್ಯಾಹ್ನ 2:10

ನಾನು ನರ್ಸ್, ಹಾಸನದಲ್ಲಿ ಕೆಲಸ. ಮೊದಲ ಮಾತು, ಇದು ಸೋಮಾರಿತನ ಅಲ್ಲ ಮೇಡಂ. ಸೋಮಾರಿತನ ಪಂಚಾಂಗ ನೋಡಿಕೊಂಡು ಬಂದು ಹೋಗುವುದಿಲ್ಲ.

ನೀವು ಹೇಳಿದ್ದೆಲ್ಲ, ಅತಿ ನಿದ್ದೆ, ಕೈಕಾಲು ಭಾರ, ಸಿಹಿ ಮತ್ತು ಹಿಟ್ಟಿನ ಪದಾರ್ಥದ ಆಸೆ, ತೂಕ ಏರುವುದು, ಜನರಿಂದ ದೂರ ಇರುವುದು, ಇವು ಚಳಿದೇಶದ ಸೀಸನಲ್ ಡಿಪ್ರೆಶನ್‌ನಲ್ಲೂ ಕಾಣುವ ಲಕ್ಷಣಗಳೇ. ವೈದ್ಯರು ಕೇಳುವುದು ಎರಡು ವಿಷಯ. ಕನಿಷ್ಠ ಎರಡು ವರ್ಷ ಸಾಲಾಗಿ ಅದೇ ಕಾಲಕ್ಕೆ ಬಂದಿದೆಯಾ? ಕಾಲ ಬದಲಾದಾಗ ಪೂರ್ತಿ ಹೋಗುತ್ತದಾ? ನಿಮ್ಮ ಆಷಾಢದ ಕತೆ ಇದೆಯಲ್ಲ, ಅದನ್ನು ಮರೆಯದೆ ಅವರಿಗೆ ಹೇಳಿ.

ಆದರೆ ನೀವೇ ಹೆಸರಿಟ್ಟುಕೊಂಡು ಕೂರಬೇಡಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಾಧ್ಯವಾದರೆ ವಿಟಮಿನ್ ಡಿ ಕೂಡ. ಥೈರಾಯ್ಡ್ ಕಡಿಮೆಯಾದರೂ ಹೀಗೆಯೇ ಸುಸ್ತು, ನಿದ್ದೆ, ತೂಕ ಎಲ್ಲ ಬರುತ್ತದೆ. ನಮ್ಮ ಹೆಂಗಸರಲ್ಲಿ ರಕ್ತ ಕಡಿಮೆ ಇರುವುದಂತೂ ಮನೆ ಮನೆಯ ಕತೆ. ಡಿ ಮಾತ್ರೆ ನುಂಗಿದರೆ ಡಿಪ್ರೆಶನ್ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ, ಅದಕ್ಕೆ ಗಟ್ಟಿ ಆಧಾರ ಇಲ್ಲ. ಕಡಿಮೆ ಇದ್ದರೆ ಸರಿ ಮಾಡಿಕೊಳ್ಳಿ, ಅಷ್ಟೇ.

ದಿನದ ಹೆಚ್ಚು ಹೊತ್ತು ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲ, ಹೀಗೆ ಎರಡು ವಾರ ದಾಟಿದರೆ ಡಾಕ್ಟರನ್ನು ನೋಡಲೇಬೇಕು. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮಾನಸಿಕ ರೋಗ ವಿಭಾಗ ಇದೆ. ಅಷ್ಟು ದೂರ ಆಗದಿದ್ದರೆ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಆ ವಾರ ಬರುತ್ತಾರಾ ಅಂತ ಕೇಳಿಕೊಳ್ಳಿ. ಮಳೆಯಲ್ಲಿ ಸುಮ್ನೆ ಓಡಾಟ ಬೇಡ. ಮನೆಯಿಂದ ಹೊರಗೆ ಕಾಲಿಡಲೂ ಆಗದ ದಿನ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ದುಡ್ಡು ಬೇಡ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.

---

ಕೊಪ್ಪ_ಟು_ಹೆಲ್ಸಿಂಕಿ, ಜುಲೈ 14, ಸಂಜೆ 7:30

ನಾನು ಕೊಪ್ಪದವನು, ಈಗ ಇರುವುದು ಫಿನ್ಲೆಂಡ್‌ನಲ್ಲಿ. ಎರಡೂ ಕಡೆಯ ಕತ್ತಲೆ ನೋಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಕಾಯಿಲೆಗೆ ಹೆಸರು ಕೊಟ್ಟು ಬರೆದವರು ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಜೊತೆಯವರು, 1984ರಲ್ಲಿ. ರೋಸೆಂಥಾಲ್ ದಕ್ಷಿಣ ಆಫ್ರಿಕಾದ ಬಿಸಿಲಿನಿಂದ ಅಮೆರಿಕಕ್ಕೆ ಹೋದವರು, ಅಲ್ಲಿನ ಚಳಿಗಾಲ ಅವರಿಗೂ ಹಿಡಿಸಲಿಲ್ಲ. ಅರಸೀಕೆರೆಯಿಂದ ಹಾನುಬಾಳಿಗೆ ಬಂದ ನಿಮಗೆ ಇದು ಬೇಗ ಅರ್ಥವಾಗುತ್ತದೆ, ಅಲ್ವಾ?

ಕಣ್ಣಿನ ಹಿಂಪರದೆಯಲ್ಲಿ ನೋಡುವುದಕ್ಕಲ್ಲದೆ, ಬೆಳಕು ಎಷ್ಟಿದೆ ಅಂತ ಅಳೆಯುವುದಕ್ಕೇ ಕೆಲವು ಜೀವಕೋಶಗಳಿವೆ. ಅವು ಮಿದುಳಿನ ಗಡಿಯಾರಕ್ಕೆ ಸುದ್ದಿ ಕಳಿಸುತ್ತವೆ. ಆ ಗಡಿಯಾರ ರಾತ್ರಿ ಮೆಲಟೋನಿನ್ ಅನ್ನುವ ನಿದ್ದೆಯ ರಾಸಾಯನಿಕ ಬಿಡಿಸುತ್ತದೆ, ಬೆಳಿಗ್ಗೆ ನಿಲ್ಲಿಸುತ್ತದೆ. ಬೆಳಿಗ್ಗೆ ಬೆಳಕು ಸಾಲದಿದ್ದರೆ ಲೆಕ್ಕ ತಪ್ಪುತ್ತದೆ. ಸೆರೊಟೋನಿನ್ ಅಂತ ಇನ್ನೊಂದು ರಾಸಾಯನಿಕದ ಪಾತ್ರವೂ ಇದೆ ಅನ್ನುತ್ತಾರೆ. ಪೂರ್ತಿ ಚಿತ್ರ ಇನ್ನೂ ಯಾರಿಗೂ ಸಿಕ್ಕಿಲ್ಲ.

ಈಗ ವ್ಯತ್ಯಾಸ ನೋಡಿ. ಹೆಲ್ಸಿಂಕಿಯಲ್ಲಿ ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ಹುಟ್ಟುವುದು ಒಂಬತ್ತೂವರೆ ಸುಮಾರಿಗೆ, ಮುಳುಗುವುದು ಮೂರೂಕಾಲರೊಳಗೆ. ಹಗಲು 6 ಗಂಟೆಯೂ ಇಲ್ಲ. ನಮ್ಮ ಮಲೆನಾಡಿನಲ್ಲಿ ತಮಾಷೆ ಏನಪ್ಪಾ ಅಂದರೆ ಆರಿದ್ರಾ ಮಳೆ ಶುರುವಾಗುವ ಜೂನ್ 21ರ ಆಸುಪಾಸಿನಲ್ಲೇ ವರ್ಷದ ಅತಿ ಉದ್ದದ ಹಗಲು, ಹತ್ತಿರ ಹತ್ತಿರ 13 ಗಂಟೆ. ಹಗಲು ಉದ್ದ ಇದೆ, ಬೆಳಕು ಮಾತ್ರ ಕೆಳಗೆ ಇಳಿಯುವುದಿಲ್ಲ. ಮೇಲೆ ಮೋಡ, ಅದರ ಕೆಳಗೆ ಮರ, ಅದರ ಕೆಳಗೆ ಸೂರು, ಅದರ ಒಳಗೆ ನೀವು. ಹಾಗಾಗಿ ಚಳಿದೇಶದ ಕಾಯಿಲೆ ಮತ್ತು ನಿಮ್ಮದು ಅಚ್ಚೊತ್ತಿದಂತೆ ಒಂದೇ ಅಂತ ನಾನು ಹೇಳುವುದಿಲ್ಲ. ಅಲ್ಲಿ ಸೂರ್ಯನೇ ತಡ. ಇಲ್ಲಿ ಸೂರ್ಯ ಹೊತ್ತಿಗೆ ಸರಿಯಾಗಿ ಬರುತ್ತಾನೆ, ಮನೆಯೊಳಗಿನ ಕಣ್ಣಿಗೆ ತಲುಪುವುದಿಲ್ಲ. ಅದರ ಜೊತೆಗೆ ದಾರಿ ಬಂದ್, ಫೋನ್ ಸಿಗ್ನಲ್ ಇಲ್ಲ, ನೆಂಟರಿಲ್ಲ, ಮಾತಿಲ್ಲ. ಅದೂ ಲೆಕ್ಕಕ್ಕೆ ಸೇರುತ್ತದೆ.

ಲೈಟ್ ಬಾಕ್ಸ್ ವಿಷಯ. ನನ್ನ ಹತ್ತಿರ ಇದೆ, ಉಪಯೋಗ ಆಗಿದೆ. ಆದರೆ ಹೇಗೆ ಬೇಕೋ ಹಾಗೆ ಬಳಸುವಂಥದ್ದಲ್ಲ. 10,000 ಲಕ್ಸ್ (ಬೆಳಕು ಅಳೆಯುವ ಮಾನ) ಕೊಡಬೇಕು, ಅದೂ ನೀವು ಕೂರುವ ದೂರದಲ್ಲಿ. ಕೆಲವು ಸಣ್ಣ ಪೆಟ್ಟಿಗೆಗಳು ಒಂದು ಗೇಣು ಹತ್ತಿರ ಇದ್ದರೆ ಮಾತ್ರ ಅಷ್ಟು ಕೊಡುತ್ತವೆ, ಎರಡು ಗೇಣು ಹಿಂದೆ ಸರಿದರೆ ಬೆಳಕು ತುಂಬಾ ಇಳಿದುಬಿಡುತ್ತದೆ. ತಗೊಳ್ಳುವಾಗ ದೂರ ಎಷ್ಟು ಅಂತ ಬರೆದಿದೆಯಾ ನೋಡಿ, ಯುವಿ ತಡೆಯುತ್ತದಾ ನೋಡಿ. ಬೆಳಿಗ್ಗೆ ಎದ್ದ ಒಂದು ಗಂಟೆಯೊಳಗೆ ಅರ್ಧ ಗಂಟೆ ಕೂರಬೇಕು. ಕಣ್ಣು ತೆರೆದಿರಬೇಕು, ಆದರೆ ದೀಪವನ್ನೇ ದಿಟ್ಟಿಸಬಾರದು. ಪಕ್ಕದಲ್ಲಿಟ್ಟುಕೊಂಡು ಕಾಫಿ ಕುಡಿಯಿರಿ, ಪೇಪರ್ ಓದಿ. ಸಂಜೆ ಬೇಡ, ನಿದ್ದೆ ಕೆಡುತ್ತದೆ. ಒಂದೆರಡು ವಾರದಲ್ಲಿ ಗೊತ್ತಾಗುತ್ತದೆ. ಕೆನಡಾದಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ ಒಂದು ಗುಂಪಿಗೆ ಈ ಬೆಳಕು, ಇನ್ನೊಂದಕ್ಕೆ ಫ್ಲುಯೊಕ್ಸೆಟಿನ್ ಅನ್ನುವ ಡಿಪ್ರೆಶನ್ ಮಾತ್ರೆ ಕೊಟ್ಟು 8 ವಾರ ನೋಡಿದರು. ಎರಡರಲ್ಲೂ ಸರಿಸುಮಾರು ಮೂರರಲ್ಲಿ ಎರಡು ಪಾಲು ಜನಕ್ಕೆ ಗುಣ ಕಂಡಿತು.

ಎಚ್ಚರಿಕೆ ಎರಡಿದೆ. ಕಣ್ಣಿನ ಹಿಂಪರದೆಯ ತೊಂದರೆ ಇದ್ದವರು ಕಣ್ಣಿನ ಡಾಕ್ಟರನ್ನು ಕೇಳದೆ ಬಳಸಬಾರದು. ಬೈಪೋಲಾರ್ (ಮನಸ್ಸು ಒಮ್ಮೆ ತೀರಾ ಮಂಕು, ಒಮ್ಮೆ ತೀರಾ ಉಬ್ಬರ ಆಗುವ ಕಾಯಿಲೆ) ಇದ್ದವರಿಗೆ ಇದು ತಲೆ ವಿಪರೀತ ಚುರುಕಾಗಿ ನಿದ್ದೆಯೇ ಬಾರದ ಸ್ಥಿತಿಗೆ ತಳ್ಳಬಹುದು, ಮನೆಯಲ್ಲಿ ಯಾರಿಗಾದರೂ ಅದು ಇದ್ದರೂ ಮೊದಲೇ ಹೇಳಿ.

ಇನ್ನೊಂದು ಹೇಳದೆ ಇರಲು ಆಗುತ್ತಿಲ್ಲ. ನಾರ್ವೆಯಲ್ಲಿ ರ್ಯೂಕನ್ ಅಂತ ಒಂದು ಊರು ಕಣಿವೆಯ ತಳದಲ್ಲಿದೆ. ಸುಮಾರು ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಗುಡ್ಡ ಅಡ್ಡ ಬಂದು ಊರಿಗೆ ಬಿಸಿಲೇ ಇಲ್ಲ. 2013ರಲ್ಲಿ ಗುಡ್ಡದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿ, ಸೂರ್ಯ ತಿರುಗಿದ ಹಾಗೆ ಅವೂ ತಿರುಗುವಂತೆ ಮಾಡಿ, ಊರ ಚೌಕಕ್ಕೆ ಬಿಸಿಲು ಬೀಳಿಸಿಕೊಂಡರು. ಜನ ಅಲ್ಲಿ ಬಂದು ಕೂರುತ್ತಾರೆ. ಮೋಡದ ನಾಡಿನಲ್ಲಿ ಕನ್ನಡಿ ಕೆಲಸ ಮಾಡುವುದಿಲ್ಲ, ಅದು ಬೇರೆ ಮಾತು. ಆದರೆ ಬೆಳಕಿಲ್ಲ ಅಂತ ದೂರುವುದನ್ನು ಅಲ್ಲಿ ನಾಟಕ ಅಂತ ತಳ್ಳಿಹಾಕಲಿಲ್ಲ, ಸರ್ಕಾರದ ದುಡ್ಡೂ ಬಂತು.

---

ತೋಟದ_ಮನೆ (ಮೂಡಿಗೆರೆ), ಜುಲೈ 15, ಬೆಳಿಗ್ಗೆ 8:05

ಹೆಲ್ಸಿಂಕಿ ತಮ್ಮಾ, ನಿಮ್ಮ ಲಕ್ಸ್ ಓದಿ ಕುತೂಹಲವಾಯಿತು. ಮಗಳ ಫೋನಿನಲ್ಲಿ ಅಳೆಯುವ ಆಪ್ ಹಾಕಿಸಿಕೊಂಡೆ. ಪಕ್ಕಾ ಲೆಕ್ಕ ಅಲ್ಲ, ಅಂದಾಜಿಗೆ. ಈಗ ಸಣ್ಣ ಮಳೆ ಬರುತ್ತಿದೆ. ಹಳೆಯ ದೇವರ ಕೋಣೆಯಲ್ಲಿ 10, ಒಲೆ ಮುಂದೆ 30, ಗಾಜಿನ ಹೆಂಚಿನ ಕೆಳಗೆ 250, ಜಗಲಿಯಲ್ಲಿ 900. ಅಂಗಳಕ್ಕೆ ಇಳಿದರೆ 6,000! ನನಗೆ ನಂಬಲು ಆಗಲಿಲ್ಲ. ಕಣ್ಣಿಗೆ ಇಷ್ಟು ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆಮೇಲೆ ಕಪ್ಪು ಛತ್ರಿ ಬಿಡಿಸಿ ಅದರ ಕೆಳಗೆ ಹಿಡಿದೆ, ಧಡ್ ಅಂತ ಇಳಿಯಿತು. ಹಾಗಾಗಿ ಛತ್ರಿ ಬೇಡ, ಜರ್ಕಿನ್ ಹಾಕಿಕೊಳ್ಳಿ.

ಅಂದರೆ ತಂಗಿ, ಪೆಟ್ಟಿಗೆ ತಗೊಳ್ಳುವ ಮೊದಲು ಬೆಳಿಗ್ಗೆ ಕಾಫಿ ಲೋಟವನ್ನು ಒಲೆ ಮುಂದೆ ಹಿಡಿಯುವ ಬದಲು ಜಗಲಿ ತುದಿಯಲ್ಲಿ ಕೂತು ಕುಡಿಯಿರಿ. ಬಿಡುವು ಕೊಟ್ಟಾಗ ಗೇಟಿನ ತನಕ ಹೋಗಿ ಬನ್ನಿ. ಉಂಬಳಕ್ಕೆ (ಜಿಗಣೆಗೆ) ಸುಣ್ಣ-ಹೊಗೆಸೊಪ್ಪು ಇದ್ದೇ ಇದೆ.

---

ಕಳಸದವಳು, ಜುಲೈ 15, ಬೆಳಿಗ್ಗೆ 11:40

ಮೊದಲು ಹಳೇ ಮಲೆನಾಡು ಅವರಿಗೆ. ಸರ್, ನಿಮ್ಮ ಅಜ್ಜಿ ನಾಟಿಗೆ ಹೋಗುತ್ತಿದ್ದರು ಅಂತ ನೀವೇ ಬರೆದಿದ್ದೀರಿ. ಬೆಳಿಗ್ಗೆಯಿಂದ ಸಂಜೆವರೆಗೆ ಬಯಲಿನಲ್ಲಿ, ಇಪ್ಪತ್ತು ಹೆಂಗಸರ ಜೊತೆ, ಹಾಡು ಹೇಳಿಕೊಂಡು. ತೋಟದ ಮನೆ ಅಣ್ಣ ಈಗಷ್ಟೇ ಅಳೆದು ಹೇಳಿದರಲ್ಲ, ಹೊರಗೆ ಎಷ್ಟು, ಒಳಗೆ ಎಷ್ಟು ಅಂತ. ಈಗ ಗದ್ದೆಗಳೇ ಪಾಳು ಬಿದ್ದಿವೆ, ಇಲ್ಲ ಅಡಿಕೆ ಹಾಕಿದ್ದಾರೆ. ಮಳೆಗಾಲದಲ್ಲಿ ಸೊಸೆಯಂದಿರಿಗೆ ಹೊರಗೆ ಕೆಲಸವೇ ಇಲ್ಲ. ಇನ್ನು ಆಗಲೂ ಒಳಮನೆಯಲ್ಲಿ ಕೂತು ಅತ್ತವರು ಇದ್ದರು. ನಮ್ಮ ಮನೆಯಲ್ಲೇ ಒಬ್ಬ ದೊಡ್ಡಮ್ಮ ಮಳೆಗಾಲ ಪೂರ್ತಿ ಮಾತು ಬಿಡುತ್ತಿದ್ದರು. "ಅವಳಿಗೆ ಮೂಡು ಸರಿಯಿಲ್ಲ" ಅಂತ ಸುಮ್ಮನಾಗುತ್ತಿದ್ದರು, ಡಾಕ್ಟರ ಹತ್ತಿರ ಯಾರು ಕರೆದುಕೊಂಡು ಹೋಗಬೇಕು?

ಈಗ ನಿಮಗೆ ಅಕ್ಕ. ನಾನು ಚಿಕಿತ್ಸೆ ತಗೊಂಡವಳು, ಹೇಳಿಕೊಳ್ಳಲು ನಾಚಿಕೆ ಏನೂ ಇಲ್ಲ. 2019ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಕುಸಿದಿದ್ದು ನಿಮಗೆ ನೆನಪಿರಬಹುದು. ಅದರ ನಂತರ ನನಗೆ ಮಳೆ ಸದ್ದು ಜೋರಾದರೆ ಎದೆ ಹೊಡೆದುಕೊಳ್ಳುತ್ತಿತ್ತು, ಆಮೇಲೆ ಮೆಲ್ಲಗೆ ಮಂಕು ಶುರುವಾಯಿತು. ಮೊದಲು ತೋರಿಸಿದ ಒಬ್ಬ ಡಾಕ್ಟರು ಮಾತೇ ಕೇಳದೆ ನಿದ್ದೆ ಮಾತ್ರೆ ಬರೆದು ಕಳಿಸಿದರು. ಎರಡನೆಯವರು ಕೂರಿಸಿ ಕೇಳಿದರು. ಮೊದಲನೆಯ ಬಾಗಿಲು ಸರಿಯಿಲ್ಲ ಅಂತ ವಾಪಸ್ ಬಂದುಬಿಡಬೇಡಿ ಅಂತ ಇದನ್ನು ಬರೆದೆ.

ನನಗೆ ಮಾತ್ರೆಯೂ ಕೊಟ್ಟರು, ಮಾತಿನ ಚಿಕಿತ್ಸೆಯೂ ಆಯಿತು. ಮಾತ್ರೆ ನುಂಗಿದ ಮಾರನೇ ದಿನ ಏನೂ ಆಗುವುದಿಲ್ಲ, ಕೆಲವು ವಾರ ಬೇಕು. ನಡುವೆ ನಿಲ್ಲಿಸಬಾರದು, ಸರಿ ಹೋಯಿತು ಅಂತ ಅನಿಸಿದಾಗಲಂತೂ ಡಾಕ್ಟರನ್ನು ಕೇಳದೆ ಬಿಡಲೇಬಾರದು. ಮಾತಿನ ಚಿಕಿತ್ಸೆ ಅಂದರೆ ಸಮಾಧಾನ ಹೇಳುವುದು ಅಂದುಕೊಂಡಿದ್ದೆ, ಹಾಗಲ್ಲ. ಸಿಬಿಟಿ ಅನ್ನುತ್ತಾರೆ, ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಅಂತ. "ಮಳೆ ನಿಲ್ಲುವವರೆಗೆ ನನ್ನಿಂದ ಏನೂ ಆಗುವುದಿಲ್ಲ" ಅನ್ನುವ ಯೋಚನೆ ಬಂದಾಗ ಅದು ನಿಜವಾ ಅಂತ ಕಾಗದದ ಮೇಲೆ ಬರೆದು ನೋಡಬೇಕು. ಮನಸ್ಸು ಬರಲಿ ಅಂತ ಕಾಯದೆ, ಮನಸ್ಸಿಲ್ಲದಿದ್ದರೂ ಗಂಟೆ ಹಾಕಿಕೊಂಡು ಒಂದು ಕೆಲಸ ಮಾಡಬೇಕು. ಚಿಕ್ಕದೇ ಸಾಕು. ಅಮೆರಿಕದ ವರ್ಮಾಂಟ್‌ನಲ್ಲಿ ಕೆಲ್ಲಿ ರೋಹನ್ ಅನ್ನುವವರು ಇದನ್ನು ಲೈಟ್ ಬಾಕ್ಸ್ ಜೊತೆ ಹೋಲಿಸಿ ನೋಡಿದ್ದಾರೆ. ಆ ಚಳಿಗಾಲಕ್ಕೆ ಎರಡೂ ಸಮ. ಎರಡು ವರ್ಷ ಕಳೆದ ಮೇಲೆ ಮಾತಿನ ಚಿಕಿತ್ಸೆ ತಗೊಂಡವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ. ದೀಪವನ್ನು ವರ್ಷ ವರ್ಷ ಹಚ್ಚಬೇಕು, ಇದು ಕಲಿತರೆ ತಲೆಯಲ್ಲಿ ಉಳಿಯುತ್ತದೆ ಅನ್ನುವ ಲೆಕ್ಕ ಇರಬೇಕು.

ನಾನು ಹಾಕಿಕೊಂಡ ಕೆಲಸ ಏನು ಗೊತ್ತಾ? ಶಾಲೆ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡುವುದು. ಮೂರು ಮನೆಯ ಮಕ್ಕಳು ಬರುತ್ತಾರೆ. ಅವರು ಬಂದರು ಅಂದರೆ ತಲೆ ಬಾಚಿಕೊಳ್ಳಲೇಬೇಕು, ದೀಪ ಹಾಕಲೇಬೇಕು.

---

ರೈಟರ್_ಸಕ್ಲೇಶ್‌ಪುರ, ಜುಲೈ 15, ರಾತ್ರಿ 9:15

ಎಲ್ಲರೂ ಮನೆಯ ಬಗ್ಗೆ ಬರೆದಿದ್ದೀರಿ. ನಾನು ಎಸ್ಟೇಟ್ ರೈಟರ್, ಅಂದರೆ ತೋಟದ ಗುಮಾಸ್ತ. ಕೂಲಿಯವರು ಇರುವ ಲೈನ್ ಮನೆಗಳ ಬಗ್ಗೆ ಎರಡು ಮಾತು. ಒಂದು ಕಿಟಕಿ, ಅದಕ್ಕೂ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಮಳೆ ಜೋರಾದರೆ ಕೆಲಸ ಇಲ್ಲ, ಎಷ್ಟೋ ತೋಟದಲ್ಲಿ ಕೆಲಸ ಇಲ್ಲ ಅಂದರೆ ಕೂಲಿಯೂ ಇಲ್ಲ. ಗಂಡಸರು ಮಧ್ಯಾಹ್ನದಿಂದಲೇ ಕುಡಿಯಲು ಕೂರುತ್ತಾರೆ. ಬಂಗಲೆಗಳಲ್ಲೂ ಅದೇ, ಬಾಟಲಿ ಬೇರೆ ಅಷ್ಟೇ. "ಚಳಿಗೆ ಒಂದು ಪೆಗ್" ಅಂತ ಶುರುವಾಗಿ ಪುಷ್ಯ ಮಳೆ ಹೊತ್ತಿಗೆ ಅದೇ ಕೆಲಸವಾಗಿರುತ್ತದೆ. ಮಂಕು ಇದ್ದವರಿಗೆ ಇದು ಇನ್ನೂ ಕೆಡುಕು, ನಿದ್ದೆಯನ್ನೂ ಕೆಡಿಸುತ್ತದೆ. ಗಂಡಸರು ಡಿಪ್ರೆಶನ್ ಅಂತ ಹೇಳುವುದಿಲ್ಲ, ಗ್ಲಾಸು ಹೇಳುತ್ತದೆ. ಮೇಡಂ, ನಿಮ್ಮ ಯಜಮಾನರನ್ನೂ ಒಮ್ಮೆ ಗಮನಿಸಿ. ತಪ್ಪು ತಿಳಿಯಬೇಡಿ.

---

ಬಯಲುಸೀಮೆ_ಸೊಸೆ, ಜುಲೈ 15, ರಾತ್ರಿ 11:50

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಜನ ಬರೆಯುತ್ತಾರೆ ಅಂತ ಅಂದುಕೊಂಡಿರಲಿಲ್ಲ. ಎರಡು ದಿನ ಕರೆಂಟಿಲ್ಲ, ಟವರೂ ಇರಲಿಲ್ಲ. ಈಗ ಎಲ್ಲ ಒಟ್ಟಿಗೆ ಓದಿದೆ. ಇವರಿಗೆ ತೋಟದ ಮನೆ ಅಣ್ಣನ ಮರಗಸಿ ಮಾತು ಓದಿ ಹೇಳಿದೆ, ನಕ್ಕು "ಸರಿ" ಅಂದರು. ರೈಟರ್ ಅಣ್ಣ ಬರೆದದ್ದನ್ನು ಓದಿ ಹೇಳಲಿಲ್ಲ, ಸುಳ್ಳಲ್ಲ ಅದು.

ಲೈಟ್ ಬಾಕ್ಸ್ ಕರೆಂಟಿಲ್ಲದೆ ನಡೆಯುತ್ತದಾ? ಅದರ ಬದಲು ಟ್ಯೂಬ್‌ಲೈಟ್ ಜಾಸ್ತಿ ಹಾಕಿದರೆ ಆಗುವುದಿಲ್ವಾ?

ಇನ್ನೊಂದು ಬರೆಯಬೇಕೋ ಬೇಡವೋ ಗೊತ್ತಿಲ್ಲ. ಕೆಲವು ರಾತ್ರಿ ಬೆಳಿಗ್ಗೆ ಎದ್ದೇಳದೇ ಇದ್ದುಬಿಟ್ಟರೆ ಎಷ್ಟು ಆರಾಮ ಅಂತ ಅನಿಸುತ್ತದೆ. ಏನೋ ಮಾಡಿಕೊಳ್ಳಬೇಕು ಅಂತಲ್ಲ. ಸುಮ್ನೆ ಅನಿಸುವುದು.

---

ಸಿಸ್ಟರ್_ಹಾಸನ, ಜುಲೈ 16, ಬೆಳಿಗ್ಗೆ 5:55

ಡ್ಯೂಟಿಗೆ ಹೊರಡುವ ಮೊದಲು ಇದನ್ನು ಬರೆದು ಹೋಗುತ್ತೇನೆ. ಬರೆದದ್ದು ಬಹಳ ಒಳ್ಳೆಯದಾಯಿತು ಮೇಡಂ. ಸುಮ್ನೆ ಅನಿಸುವುದು ಅಂದಿರಿ. ನಾವು ಅದನ್ನು ಸುಮ್ನೆ ಅಂತ ಬಿಡುವುದಿಲ್ಲ. ಸಾಯಬೇಕು ಅಂತ, ಹೇಗೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಇಲ್ಲಿ ಉತ್ತರ ಬರೆಯಬೇಡಿ. ಹೌದು ಅಂತಾದರೆ ಇವತ್ತೇ 14416ಕ್ಕೆ ಫೋನ್ ಮಾಡಿ, ಯಜಮಾನರನ್ನು ಎಬ್ಬಿಸಿ ಹೇಳಿ, ಹತ್ತಿರದ ಆಸ್ಪತ್ರೆಯ ತುರ್ತು ಚಿಕಿತ್ಸೆಗೆ ಹೋಗಿ. ಮಂಗಳವಾರಕ್ಕೆ ಕಾಯಬೇಡಿ. ಇಲ್ಲ ಅಂತಾದರೂ ಈ ವಾರ ಡಾಕ್ಟರಿಗೆ ತೋರಿಸಿ, ಈ ಮಾತನ್ನು ಇದೇ ರೀತಿ ಅವರಿಗೆ ಹೇಳಿ.

ಇನ್ನೊಂದು ಕೆಲಸ. ತೋಟಕ್ಕೆ ಹೊಡೆಯುವ ಔಷಧಿ ಎಲ್ಲಿ ಇಟ್ಟಿದ್ದಾರೆ? ಮನೆಯೊಳಗೆ, ಮಂಚದ ಕೆಳಗೆ ಇಟ್ಟಿದ್ದರೆ ಹೊರಗಿನ ಗೋಡೌನಿಗೆ ಹಾಕಿ ಬೀಗ ಹಾಕಿಸಿ. ಬೀಗದ ಕೈ ಯಜಮಾನರ ಹತ್ತಿರವೇ ಇರಲಿ, ನಿಮ್ಮ ಕೈಗೆ ಬೇಡ. ಮಗು ಇರುವ ಮನೆ, ಅದಕ್ಕೂ ಒಳ್ಳೆಯದು. ಎಲ್ಲ ತೋಟದ ಮನೆಯವರಿಗೂ ಇದೇ ಮಾತು.

---

ಕೊಪ್ಪ_ಟು_ಹೆಲ್ಸಿಂಕಿ, ಜುಲೈ 16, ಬೆಳಿಗ್ಗೆ 9:20

ಸಿಸ್ಟರ್ ಹೇಳಿದ್ದು ಮೊದಲು, ದೀಪ ಆಮೇಲೆ. ಪೆಟ್ಟಿಗೆಗೆ ಹೆಚ್ಚು ಕರೆಂಟು ಬೇಡ, ಸಾಮಾನ್ಯ ಇನ್ವರ್ಟರ್‌ನಲ್ಲಿ ಅರ್ಧ ಗಂಟೆ ನಡೆಯುತ್ತದೆ. ಟ್ಯೂಬ್ ಹಾಕಿದರೆ ಮನೆ ಬೆಳಗುತ್ತದೆ, ಮನಸ್ಸಿಗೂ ಹಿತ. ಆದರೆ ಒಂದು ಕೋಣೆಗೆ ನಾಲ್ಕು ಹಾಕಿದರೂ 10,000 ಲಕ್ಸ್ ಹತ್ತಿರ ಬರುವುದಿಲ್ಲ. ಡಾಕ್ಟರು ಬೇಕು ಅಂದ ಮೇಲೆ ಪೆಟ್ಟಿಗೆ ತಗೊಳ್ಳಿ, ಅಲ್ಲಿಯವರೆಗೆ ಅಂಗಳ ಪುಕ್ಕಟೆ.

ಏಳುವ ಹೊತ್ತು ಮಾತ್ರ ದಿನಾ ಒಂದೇ ಇರಲಿ, ಭಾನುವಾರವೂ. ಇಲ್ಲಿ ಫಿನ್ಲೆಂಡ್‌ನಲ್ಲಿ ಡೇ ಕೇರ್ ಮಕ್ಕಳನ್ನೂ ಮಳೆ, ಹಿಮ ಅನ್ನದೆ ದಿನಾ ಹೊರಗೆ ಬಿಡುತ್ತಾರೆ, ತಲೆಯಿಂದ ಕಾಲಿನವರೆಗೆ ರೈನ್‌ಕೋಟು. ನಿಮ್ಮ ಮಗನಿಗೂ ಒಂದು ಜೊತೆ ಗಂಬೂಟು ಕೊಡಿಸಿ ಜೊತೆಗೆ ಕರೆದುಕೊಂಡು ಹೋಗಿ. ಮಳೆ ರಜೆಯಲ್ಲಿ ಅವನಿಗೂ ಒಳಗೆ ಕೂತು ತಲೆ ಕೆಟ್ಟಿರುತ್ತದೆ, ಪಾಪ.

---

ಹಳೇ_ಮಲೆನಾಡು (ಶೃಂಗೇರಿ), ಜುಲೈ 16, ಬೆಳಿಗ್ಗೆ 10:02

ಇಷ್ಟು ಗಂಭೀರ ಅಂತ ಗೊತ್ತಿರಲಿಲ್ಲ. ಆದರೂ ಒಂದು ಮಾತು ಬಿಡುವುದಿಲ್ಲ, ಹೊರಗೆ ಕೆಲಸ ಮಾಡಿದರೆ ಒಳ್ಳೆಯದು ಅಂತಲೇ ಎಲ್ಲರೂ ಹೇಳುತ್ತಿದ್ದೀರಿ. ಡಾಕ್ಟರಿಗೆ ತೋರಿಸಿಕೊಳ್ಳಿ ಅಮ್ಮಾ.

---

ಕಳಸದವಳು, ಜುಲೈ 16, ಬೆಳಿಗ್ಗೆ 10:30

ಸರ್, ಏಳಲೇ ಆಗದವರಿಗೆ ಹೊರಗೆ ಹೋಗು ಅನ್ನುವುದಕ್ಕೂ, ಕೈ ಹಿಡಿದು ಎಬ್ಬಿಸಿ ಕರೆದುಕೊಂಡು ಹೋಗುವುದಕ್ಕೂ ವ್ಯತ್ಯಾಸ ಇದೆ. ಇರಲಿ.

ಅಕ್ಕ, ಮನೆಯವರಿಗೆ ಹೇಗೆ ಹೇಳುವುದು ಅನ್ನುವುದು ನಿಮ್ಮ ನಿಜವಾದ ಕಷ್ಟ ಅನಿಸುತ್ತದೆ. ಡಿಪ್ರೆಶನ್ ಅಂತ ಶುರು ಮಾಡಬೇಡಿ, ಗಾಬರಿಯಾಗುತ್ತಾರೆ. "ಮೂರು ವಾರದಿಂದ ಏಳಲು ಆಗುತ್ತಿಲ್ಲ, ರಕ್ತ ಪರೀಕ್ಷೆ ಮಾಡಿಸಬೇಕು, ಜೊತೆಗೆ ಬನ್ನಿ" ಅನ್ನಿ. ಆಸ್ಪತ್ರೆ ಒಳಗೆ ಡಾಕ್ಟರೇ ಉಳಿದದ್ದು ಹೇಳುತ್ತಾರೆ. ನಮ್ಮ ಅತ್ತೆಗೆ ನಾನು ಎಷ್ಟು ಹೇಳಿದರೂ ಆಗದೆ ಇದ್ದದ್ದು ಡಾಕ್ಟರ ಬಾಯಲ್ಲಿ ಬಂದಾಗ ಒಂದೇ ಸಲಕ್ಕೆ ಆಯಿತು. ಸಾಧ್ಯವಾದರೆ ಆಷಾಢದ ನೆಪ ಹೇಳಿ ಒಂದು ವಾರ ತವರಿಗೂ ಹೋಗಿ ಬನ್ನಿ. ಹೊಸ ಮದುಮಗಳೇ ಆಗಬೇಕು ಅಂತ ಯಾರು ಹೇಳಿದರು? ಅದು ಚಿಕಿತ್ಸೆ ಅಲ್ಲ, ಉಸಿರು ತಗೊಳ್ಳಲು.

---

ಬಯಲುಸೀಮೆ_ಸೊಸೆ, ಜುಲೈ 16, ಮಧ್ಯಾಹ್ನ 3:45

ಸಿಸ್ಟರ್, 14416ಕ್ಕೆ ಬೆಳಿಗ್ಗೆ ಮಾಡಿದೆ. ಕೊಟ್ಟಿಗೆ ಹಿಂದೆ ಸಿಗ್ನಲ್ ಸಿಗುವ ಜಾಗದಲ್ಲಿ ನಿಂತು ಮಾತಾಡಿದೆ. ಹೆಣ್ಣುಮಗಳೊಬ್ಬಳು ತಾಳ್ಮೆಯಿಂದ ಕೇಳಿದಳು, ನಡುವೆ ಲೈನ್ ಕಟ್ ಆಯಿತು, ಮತ್ತೆ ಮಾಡಿದೆ. ಅವರೂ ಡಾಕ್ಟರಿಗೆ ತೋರಿಸಲು ಹೇಳಿದರು. ಹೇಗೆ ಅಂತ ಯೋಚಿಸಿಲ್ಲ, ಅದನ್ನು ಅವರಿಗೂ ಹೇಳಿದೆ. ಔಷಧಿ ಡಬ್ಬಗಳನ್ನು ಇವರು ಗೋಡೌನಿಗೆ ಸಾಗಿಸಿ ಬೀಗ ಹಾಕಿದ್ದಾರೆ. ಯಾಕೆ ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನಾಳೆಯೇ ಹಾಸನಕ್ಕೆ ಹೋಗೋಣ ಅಂದರು.

ಎಷ್ಟು ಹೊತ್ತಿಗೆ ಹೋದರೆ ಒಳ್ಳೆಯದು? ಏನೇನು ತಗೊಂಡು ಹೋಗಬೇಕು?

---

ಸಿಸ್ಟರ್_ಹಾಸನ, ಜುಲೈ 16, ಸಂಜೆ 6:20

ಬೆಳಿಗ್ಗೆ ಒಂಬತ್ತರೊಳಗೆ ಬಂದು ಚೀಟಿ ಮಾಡಿಸಿಬಿಡಿ, ಆಮೇಲೆ ಜನ ಜಾಸ್ತಿ. ಆಧಾರ್, ರೇಷನ್ ಕಾರ್ಡ್, ಹಳೆಯ ರಿಪೋರ್ಟ್ ಏನಿದ್ದರೂ ತನ್ನಿ. ಈಗ ತಗೊಳ್ಳುತ್ತಿರುವ ಮಾತ್ರೆ ಇದ್ದರೆ ಅದರ ಪಟ್ಟಿಯನ್ನೇ ತನ್ನಿ, ಹೆಸರು ನೆನಪಿರುವುದಿಲ್ಲ. ಯಾವ ತಿಂಗಳು ಶುರು, ಯಾವ ತಿಂಗಳು ಬಿಡುತ್ತದೆ, ಎಷ್ಟು ವರ್ಷದಿಂದ, ಒಂದು ಹಾಳೆಯಲ್ಲಿ ಬರೆದಿಡಿ. ಒಳಗೆ ಹೋದಾಗ ಅಳು ಬಂದು ಹೇಳಲು ಆಗದಿದ್ದರೆ ಆ ಹಾಳೆ ಕೊಟ್ಟರೆ ಸಾಕು. ತಿಂಡಿ ತಿಂದೇ ಹೊರಡಿ, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್‌ಗೆ ಖಾಲಿ ಹೊಟ್ಟೆ ಬೇಕಾಗಿಲ್ಲ.